ಸೂಜಿ ಚುಚ್ಚದ ಶೀಶೆಗಳು

ಬಿಳಿಚೋಡು
4 ಆಗಸ್ಟ್ 2023

ಅಕ್ಕಾ,

ಕ್ಷೇಮ ಸಮಾಚಾರದಿಂದ ಶುರು ಮಾಡಿದರೆ ನೀನು ಆಕಳಿಸುತ್ತೀಯ ಅಂತ ಗೊತ್ತು. ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ. ನಾನು ಬಸುರಿ. ಮದುವೆಯಾಗಿ ಆರು ವರ್ಷಕ್ಕೆ! ಮೂರನೇ ತಿಂಗಳು ನಡೆಯುತ್ತಿದೆ. ಅವ್ವ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಸ್ಸು ಹತ್ತಿ ಬಂದಿರುತ್ತಿದ್ದಳು. ಅವಳಿಲ್ಲ, ಈ ಸುದ್ದಿಗೆ ನೀನೇ ದಿಕ್ಕು.

ಮೊಬೈಲಿನಲ್ಲಿ ತಿಳಿಸಬಹುದಿತ್ತು. ಮನೆಗಿರುವ ಒಂದೇ ಮೊಬೈಲು ಇವರ ಜೇಬಿನಲ್ಲಿರುತ್ತದೆ, ನೀನು ಏನು ಬರೆದು ಕಳಿಸಿದರೂ ಇವರು ಅದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಕರೆ ಮಾಡೋಣವೆಂದರೆ ನಿನಗೆ ಕೇಳುವುದಿಲ್ಲ. ನಮ್ಮಿಬ್ಬರಿಗೆ ಈ ಕಾಗದವೇ ಸರಿ. ಅಂಚೆ ಜಂಪಣ್ಣ ನನ್ನ ಕೈಗೇ ಕೊಡುತ್ತಾನೆ, ಈ ಮನೆಯಲ್ಲಿ ಇನ್ನೊಬ್ಬರ ಕಾಗದವನ್ನು ಯಾರೂ ಒಡೆಯುವುದಿಲ್ಲ.

ಇಲ್ಲಿ ಒಂದೇ ಬೇಜಾರು. ಮೇಕೆಗಳು ಒಂದರ ಹಿಂದೊಂದು ಕಂದು ಹಾಕುತ್ತಿವೆ. ದಿನ ತುಂಬುವ ಮೊದಲೇ ಸತ್ತ ಮರಿ ಬೀಳುತ್ತಿದೆ, ಕೆಲವಕ್ಕೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ನನಗೇ ಕರೆ. "ಸುಧಾನ ಕೈ ಸಣ್ಣದೈತೆ, ಸಲೀಸಾಗಿ ಹೋಗುತೈತೆ, ಕರೀರಿ ಅವಳ್ನ" ಅಂತ ಅತ್ತೆ ಗಾದ್ರಮ್ಮನವರು ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ತವರಿನ ಹಟ್ಟಿಯಲ್ಲಿ ನಾವಿಬ್ಬರೂ ಇದೇ ಕೆಲಸ ಮಾಡುತ್ತಿದ್ದೆವಲ್ಲ, ಅಭ್ಯಾಸ ತಪ್ಪಿಲ್ಲ. ಹೊರಬಿದ್ದ ಮಾಸನ್ನು ಚೀಲದಲ್ಲಿ ತುಂಬಿ ಆಲದ ಮರಕ್ಕೆ ಕಟ್ಟಿ ಬರುವ ಕೆಲಸವೂ ನನ್ನದೇ. ಎಲ್ಲರೂ ಹಸು ಎಮ್ಮೆಯದನ್ನು ಕಟ್ಟಿದರೆ ನಮ್ಮತ್ತೆ ಮೇಕೆಯದನ್ನೂ ಕಟ್ಟಿಸುತ್ತಾರೆ. ಹಾಲಿನ ಮರಕ್ಕೆ ಕಟ್ಟಿದರೆ ಕೆಚ್ಚಲು ಬತ್ತುವುದಿಲ್ಲವಂತೆ.

ನಿಜಕ್ಕೂ ಬತ್ತಿಲ್ಲ. ಮರಿಯಿಲ್ಲದ ಆ ಹಾಲನ್ನು ಕುಡಿಯುವವಳು ನಾನೇ. ಕರೆದ ಬಿಸಿಯಲ್ಲೇ, ನೊರೆ ಸಮೇತ. "ಕಾಯ್ಸಿದ್ರೆ ಅದ್ರ ಸತ್ವ ಹೋಗುತೈತೆ. ಬಸುರಿ ಹೊಟ್ಟೆಗೆ ಹಸಿ ಹಾಲೇ ಬೀಳ್ಬೇಕು" ಅಂತ ಎದುರಿಗೆ ನಿಂತು ಕುಡಿಸುತ್ತಾರೆ. ಅತ್ತೆಯನ್ನು ಬೈಯಬೇಡ. ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ.

ಒಂದು ಆಸೆ ಇದೆ, ನಗಬೇಡ. ಹಟ್ಟಿಯಲ್ಲಿ ನೀನು ಬಣವೆ ಪಕ್ಕ ನಿಂತು "ಸುಧೀ" ಅಂತ ಕೂಗಿದರೆ ಕೆರೆ ಏರಿಯವರೆಗೂ ಕೇಳುತ್ತಿತ್ತು. ಕಿವಿ ಹೋದ ಮೇಲೆ ಬಾಯಿಯನ್ನೂ ಮುಚ್ಚಿಕೊಂಡು ಕೂತೆ. ಮಗು ನೋಡಲು ಬಂದಾಗ ಒಂದು ಸಲ ಹಾಗೆ ಕೂಗು.

ನಿನ್ನ ಸುಧಾ


ಹೊನ್ನಾಳಿ
12 ಆಗಸ್ಟ್ 2023

ಸುಧಾ,

ನಿನ್ನ ಕಾಗದವನ್ನು ಅಂಗಡಿಯಲ್ಲೇ ಓದಿ ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಪುಷ್ಪಾವತಕ್ಕ ಯಾರೋ ಸತ್ತರೆಂದುಕೊಂಡು ನೀರು ತಂದಳು. ಕಾಗದ ತೋರಿಸಿದೆ. ಓದಿ, "ಇಷ್ಟಕ್ಕೆ ಹಿಂಗಾ ಅಳೋದು, ನನ್ನ ಎದೆ ಒಡೆಸ್ಬಿಟ್ಯಲ್ಲೇ" ಅಂತ ಬೆನ್ನಿಗೊಂದು ಗುದ್ದಿದಳು. ಅವಳ ತುಟಿ ಓದುವುದು ನನಗೀಗ ಚೆನ್ನಾಗಿ ಬರುತ್ತದೆ. ಅಂಗಡಿಯೊಡತಿ ಅನ್ನುವುದು ಹೆಸರಿಗೆ ಮಾತ್ರ, ಈ ಊರಿನಲ್ಲಿ ನನಗಿರುವ ಜನವೆಂದರೆ ಅವಳೊಬ್ಬಳೇ.

ಕೂಗುವ ಮಾತು ಬಿಡು. ಹೋದ ವರ್ಷ ನ್ಯಾಮತಿಗೆ ಬ್ಲೌಸು ಕೊಡಲು ಹೋದಾಗ ಬಸ್ಸಿನಲ್ಲಿ ಟಿಕೆಟ್ ಕೇಳಿದೆ. ಇಡೀ ಬಸ್ಸು ತಿರುಗಿ ನೋಡಿ ನಕ್ಕಿತು. ನನ್ನ ದನಿ ಎಷ್ಟು ದೊಡ್ಡದಾಗಿ, ಎಷ್ಟು ಸೊಟ್ಟಗೆ ಬರುತ್ತದೋ ನನಗೇ ತಿಳಿಯುವುದಿಲ್ಲ. ಅಂದಿನಿಂದ ಚೀಟಿ ಬರೆದು ತೋರಿಸುತ್ತೇನೆ, ನಾಲಿಗೆಗೆ ರಜೆ.

ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೋ. ನನಗೆ ಟಿಬಿ ಆಗಿತ್ತು ಅನ್ನುವುದು ಆ ಮನೆಯಲ್ಲಿ ಯಾರ ಕಿವಿಗೂ ಬೀಳಬಾರದು. ನಿನ್ನ ಮದುವೆಯ ಮಾತುಕತೆಯಲ್ಲಿ ಅವ್ವ ಹೇಳಿದ್ದೇ ಇರಲಿ: ದೊಡ್ಡವಳಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಯಿತು. ಉಬ್ರಾಣಿಯ ನನ್ನ ಗಂಡನ ಮನೆಯವರು ನನಗೇನು ಮಾಡಿದರೆಂದು ನೀನೇ ಕಂಡಿದ್ದೀಯ. ಕೆಮ್ಮುವಾಗ ವೆಂಕಟೇಶ್ ಆಸ್ಪತ್ರೆಗೆ ಸೇರಿಸಿದ. ಖಾಯಿಲೆ ವಾಸಿಯಾಗಿ, ಕಿವಿ ಕಳೆದುಕೊಂಡು ವಾಪಸು ಹೋದರೆ ಹೊಸಿಲು ದಾಟಲು ಬಿಡಲಿಲ್ಲ. "ಕಿವುಡೀನ ಕಟ್ಕೊಂಡು ಏನ್ಮಾಡಾಕೆ ಆಗುತೈತೆ" ಅಂತ ಅವನು ಅಂದಿದ್ದು ನನಗೆ ಕೇಳಲಿಲ್ಲ, ತುಟಿಯಲ್ಲಿ ಕಂಡಿತು. ನಾನು ಓದಿದ ಮೊದಲ ತುಟಿ ಅದೇ.

ಹಾಲು ಕುಡಿ. ಚೆನ್ನಾಗಿ ತಿನ್ನು. ಮಗುವಿಗೆ ಹಳದಿ ಬಟ್ಟೆಯಲ್ಲಿ ಅಂಗಿ ಕತ್ತರಿಸಿಟ್ಟಿದ್ದೇನೆ. ಗಂಡಾದರೂ ಸರಿ, ಹೆಣ್ಣಾದರೂ ಸರಿ, ಹಳದಿ ಇಬ್ಬರಿಗೂ ಒಪ್ಪುತ್ತದೆ.

ದುರ್ಗಾಂಬಿಕಾ


ಬಿಳಿಚೋಡು
20 ಸೆಪ್ಟೆಂಬರ್ 2023

ಅಕ್ಕಾ,

ಹೋಯಿತು.

ಸಂಜೆ ಜ್ವರ ಬರುತ್ತಿತ್ತು, ಬೆಳಿಗ್ಗೆ ಬೆವರಿ ಇಳಿಯುತ್ತಿತ್ತು. ಸೀರೆಯೆಲ್ಲ ತೊಯ್ದು ಅದರಿಂದ ಒದ್ದೆ ಹುಲ್ಲಿನಂಥ ವಾಸನೆ. ಊರಿನ ಡಾಕ್ಟರು ಟೈಫಾಯಿಡ್ ಅಂದರು, ಮಾತ್ರೆ ಕೊಟ್ಟರು. ಕಡಿಮೆಯಾಯಿತು, ಮತ್ತೆ ಬಂತು. ಹೋದ ವಾರ ದೊಡ್ಡಿಯಲ್ಲಿ ಕಸ ಗುಡಿಸುವಾಗ ಹೊಟ್ಟೆಯಲ್ಲಿ ನೋವು ಶುರುವಾಯಿತು. ಅಲ್ಲೇ, ಮೇಕೆಗಳ ನಡುವೆಯೇ ಎಲ್ಲ ಮುಗಿಯಿತು.

ಅತ್ತೆ ಬಾಯಿ ಬಡಿದುಕೊಂಡು ಅತ್ತರು. ಯಾರೋ ಮಾಟ ಮಾಡಿಸಿದ್ದಾರೆ, ಮೊದಲು ಮೇಕೆಗೆ ತಗುಲಿತು, ಈಗ ಸೊಸೆಗೆ ತಗುಲಿತು ಅಂದರು. "ಹಂಗಾದ್ರೆ ನನ್ನನ್ನೂ ದೊಡ್ಡಿಗೇ ಕಟ್ಟಾಕಿ" ಅಂತ ತಮಾಷೆಗೆ ಅಂದೆ. ಇವರು ನಗಲಿಲ್ಲ. ಎದ್ದು ಹೊರಗೆ ಹೋದರು. ಮಾತೇ ಆಡದ ಮನುಷ್ಯ, ಏನಂದುಕೊಂಡರೋ ನನಗೆ ಗೊತ್ತಾಗಲಿಲ್ಲ.

ಅಂಗಿ ಕಳಿಸಬೇಡ. ಹೊಲಿಗೆ ಬಿಚ್ಚಲೂ ಬೇಡ. ಹಾಗೇ ಇಟ್ಟಿರು.

ಸುಧಾ


ಹೊನ್ನಾಳಿ
29 ಸೆಪ್ಟೆಂಬರ್ 2023

ಸುಧಾ,

ಏನು ಬರೆಯಲಿ? ನಾಲ್ಕು ಸಲ ಬರೆದು ಹರಿದೆ.

ನಿನ್ನ ಗಂಡ ಎದ್ದು ಹೊರಗೆ ಹೋದ ಅಂತ ಬರೆದಿದ್ದೀಯ. ವೆಂಕಟೇಶನೂ ಹೀಗೆಯೇ. ಮೊದಲು ಎದ್ದು ಹೊರಗೆ ಹೋದ, ಆಮೇಲೆ ನನ್ನನ್ನು ಹೊರಗೆ ಹಾಕಿದ. ಮಾತಾಡದ ಗಂಡಸಿನ ವಿಷಯದಲ್ಲಿ ಹುಷಾರಾಗಿರು. ಮನೆಯಲ್ಲಿ ಮಲಗಿಬಿಡಬೇಡ. ಬೇಗ ಎದ್ದು ಕೆಲಸಕ್ಕೆ ನಿಲ್ಲು. ಹಾಸಿಗೆ ಹಿಡಿದ ಸೊಸೆಯನ್ನು ಯಾವ ಮನೆಯೂ ಬಹಳ ದಿನ ಸಹಿಸುವುದಿಲ್ಲ.

ಅಂಗಿ ಇಟ್ಟಿದ್ದೇನೆ.

ದುರ್ಗಾ


ಬಿಳಿಚೋಡು
6 ನವೆಂಬರ್ 2023

ಅಕ್ಕಾ,

ಖಾಯಿಲೆಗೆ ಹೆಸರು ಸಿಕ್ಕಿತು. ಜ್ವರ ಬಿಡಲೇ ಇಲ್ಲ, ಕೀಲುಗಳೆಲ್ಲ ಹಿಡಿದುಕೊಂಡವು. ಕೊನೆಗೆ ಇವರು ಯಾರ ಮಾತೂ ಕೇಳದೆ ಬೈಕಿನಲ್ಲಿ ಕೂರಿಸಿಕೊಂಡು ಜಗಳೂರಿನ ದೊಡ್ಡ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಅತ್ತೆಯೂ ಬಸ್ಸಿನಲ್ಲಿ ಬಂದರು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ "ಮನೆಯಲ್ಲಿ ಮೇಕೆ ಇದೆಯಾ?" ಅಂತ. ರಕ್ತವನ್ನು ದಾವಣಗೆರೆಗೆ ಕಳಿಸಿದರು. ಬ್ರುಸೆಲ್ಲಾ ಅಂತ ಬಂತು.

ಅದು ಮೇಕೆಯ ಬಸಿರಿನಲ್ಲಿ ಕೂತು ಮರಿ ಬೀಳಿಸುವ ಸೂಕ್ಷ್ಮಜೀವಿಯಂತೆ. ಸತ್ತ ಮರಿ, ಮಾಸು, ಹಸಿ ಹಾಲು, ಎಲ್ಲದರಲ್ಲೂ ಇರುತ್ತದಂತೆ. ಕೈಯಲ್ಲಿ ಒಂದು ಗೀರಿದ್ದರೆ ಸಾಕು. ನನ್ನ ಕೈ ನಿನಗೆ ಗೊತ್ತಲ್ಲ, ಜಾಲಿ ಮುಳ್ಳಿನ ಗೀರಿಲ್ಲದ ದಿನವೇ ಇಲ್ಲ. ಒಳಗೆ ಹೋದ ಮೇಲೆ ನಮ್ಮ ರಕ್ತದಲ್ಲಿ ರೋಗದ ಮೇಲೆ ಬೀಳುವ ಕಣಗಳಿರುತ್ತವಲ್ಲ, ಅವುಗಳ ಹೊಟ್ಟೆಯಲ್ಲೇ ಅಡಗಿ ಕೂರುತ್ತದಂತೆ. ಪೊಲೀಸಿನವರ ಮನೆಯಲ್ಲೇ ಕಳ್ಳ ಬಾಡಿಗೆಗಿದ್ದ ಹಾಗೆ. ಅದಕ್ಕೇ ಜ್ವರ ಹೋದಂತೆ ಮಾಡಿ ಮತ್ತೆ ಬರುವುದು.

ಸತ್ತ ಮರಿಯ ಮೂತಿ ಹಿಡಿದು ಎಳೆಯುತ್ತಿದ್ದ ಕೈಯಲ್ಲೇ ನಾನು ಹೊಟ್ಟೆ ಸವರಿಕೊಳ್ಳುತ್ತಿದ್ದೆನಲ್ಲ ಅಕ್ಕಾ. ಅದು ನೆನಪಾದರೆ ಕೈ ಕತ್ತರಿಸಿಕೊಳ್ಳೋಣ ಅನ್ನಿಸುತ್ತದೆ. ಅತ್ತೆ ಅಲ್ಲೇ ನೆಲಕ್ಕೆ ಕುಸಿದು ಕೂತು, "ನಾನೇ ಕುಡಿಸ್ದೆ ಕಣವ್ವ, ನಾನೇ" ಅಂದರು. ಊರಿಗೆ ಬಂದ ಮೇಲೆ ಮೊದಲ ಸಂತೆಗೇ ಕಂದು ಹಾಕಿದ ಮೇಕೆಗಳನ್ನೆಲ್ಲ ಹೊಡೆಸಿ ಮಾರಿಸಿಬಿಟ್ಟರು. ಮಾರಬಾರದು ಅಂತ ಡಾಕ್ಟರಮ್ಮ ಹೇಳಿದ್ದು ಅವರ ತಲೆಗೆ ಹೋಗಲೇ ಇಲ್ಲ. ಯಾವ ಊರಿನವರು ಕೊಂಡು ಹೋದರೋ, ಅವರ ಮನೆಯಲ್ಲಿ ಯಾರ ಕೈ ಸಣ್ಣದಿದೆಯೋ.

ಮಾತ್ರೆ ಕೊಟ್ಟಿದ್ದಾರೆ, ಜೊತೆಗೆ ಮೂರು ವಾರ ದಿನಾ ಒಂದು ಇಂಜೆಕ್ಷನ್. ಎರಡೂ ಸೇರಿದರೇ ಗುಣವಂತೆ. ಇಂಜೆಕ್ಷನ್ ಬರೆಯುವ ಮುಂಚೆ ಡಾಕ್ಟರಮ್ಮ ಕೇಳಿದರು, "ನಿಮ್ಮ ತಾಯಿ ಕಡೆ, ಅಕ್ಕತಂಗೀರಲ್ಲಿ, ಯಾರಿಗಾದರೂ ಇಂಜೆಕ್ಷನ್ನಿಂದ ಕಿವಿ ಹೋಗಿದೆಯಾ?" ಅತ್ತೆ ಪಕ್ಕದಲ್ಲೇ ಇದ್ದರು, ಇವರು ಬಾಗಿಲಲ್ಲಿ. ಇಲ್ಲ, ಅಕ್ಕನಿಗೆ ಕೇಳಲ್ಲ, ಆದರೆ ಅದು ಚಿಕ್ಕಂದಿನ ಜ್ವರದಿಂದ ಅಂದೆ. ಸರಿ ತಾನೇ?

ಹಬ್ಬ ಕಳೆದ ಮೇಲೆ, ಮುಂದಿನ ವಾರದಿಂದ ಶುರು. ಶೀಶೆಗಳನ್ನು ತಂದಿಟ್ಟುಕೊಂಡಿದ್ದೇನೆ, ದಿನಾ ಒಂದೊಂದನ್ನು ಒಯ್ದು ಜಗಳೂರಿನ ಆಸ್ಪತ್ರೆಯಲ್ಲಿ ಚುಚ್ಚಿಸಿಕೊಂಡು ಬರಬೇಕು.

ಸುಧಾ


ಹೊನ್ನಾಳಿ
10 ನವೆಂಬರ್ 2023

ಸುಧಾ,

ಇಂಜೆಕ್ಷನ್ ಬೇಡ. ಈ ಕಾಗದ ಕೈಗೆ ಬಂದ ಗಳಿಗೆಯಿಂದ ಬೇಡ. ಮಾತ್ರೆ ನುಂಗು, ಪಥ್ಯ ಮಾಡು, ಸೂಜಿ ಮಾತ್ರ ಬೇಡ.

ನನ್ನ ಕಿವಿ ತೆಗೆದಿದ್ದು ಇದೇ ಜಾತಿಯ ಸೂಜಿ. ಮೊದಲು ಜೀರುಂಡೆ ಕೂಗಿದಂತೆ ಸದ್ದು. ಆಮೇಲೆ ಜನರ ಮಾತು ನೀರಿನ ಕೆಳಗಿನಿಂದ ಬಂದಂತೆ ಆಯಿತು. ಒಂದು ಬೆಳಿಗ್ಗೆ ಎದ್ದರೆ ಏನೂ ಇಲ್ಲ. ನರ್ಸಮ್ಮನ ಕೈಯಿಂದ ಸ್ಟೀಲಿನ ತಟ್ಟೆ ನೆಲಕ್ಕೆ ಬಿತ್ತು. ಅದು ಉರುಳುವುದನ್ನು ನೋಡಿದೆ, ಸದ್ದಿಲ್ಲ. ಹಾಗೆ ಗೊತ್ತಾಯಿತು ನನಗೆ.

ಜ್ವರ ಇಂದಲ್ಲ ನಾಳೆ ಇಳಿಯುತ್ತದೆ, ಹೋದ ಕಿವಿ ಬರುವುದಿಲ್ಲ. ಮಗು ಹೋಯಿತು. ಅದರ ಮೇಲೆ ಕಿವಿಯೂ ಹೋದರೆ ಮಾರುತೇಶ್ ನಿನ್ನನ್ನು ಇಟ್ಟುಕೊಳ್ಳುತ್ತಾನೆಂದು ತಿಳಿದಿದ್ದೀಯಾ? ನಿನಗೆ ತವರು ಅಂತ ಇರುವುದು ಪುಷ್ಪಾವತಕ್ಕನ ಅಂಗಡಿಯ ಹಿಂದಿನ ಈ ಒಂದು ಕೋಣೆ. ಇಲ್ಲಿ ಒಬ್ಬ ಕಿವುಡಿ ಸಾಕು.

ಡಾಕ್ಟರಮ್ಮನಿಗೆ ಹಾಗೆ ಹೇಳಿದ್ದು ಸರಿ. ಟಿಬಿ ಅಂದಿದ್ದರೆ ನಿನ್ನತ್ತೆ ಅಲ್ಲೇ ನಿನ್ನ ತಟ್ಟೆ ಲೋಟ ಬೇರೆ ಮಾಡುತ್ತಿದ್ದರು. ಜಗಳ ಆಡಬೇಡ, ಒಲ್ಲೆ ಅನ್ನಬೇಡ. ಸುಮ್ಮನೆ ತಪ್ಪಿಸಿಕೋ. ಚಿಕ್ಕವಳಾಗಿದ್ದಾಗ ಬೇವಿನ ರಸವನ್ನು ಹೆಂಗೆ ಬಾಯಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ಉಗುಳುತ್ತಿದ್ದೆಯೋ ಹಾಗೆ.

ನಿನ್ನ ಅಕ್ಕನಾಗಿ ಬೇಡುತ್ತಿದ್ದೇನೆ. ಇದೊಂದು ಮಾತು ಕೇಳು.

ದುರ್ಗಾ


ಬಿಳಿಚೋಡು
8 ಡಿಸೆಂಬರ್ 2023

ಅಕ್ಕಾ,

ಚಿಂತೆ ಬಿಡು. ಜ್ವರ ಹೋಗಿದೆ, ಊಟ ಸೇರುತ್ತಿದೆ, ಕಿವಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಇವರು ದಿನಾ ಕೆಲಸ ಬಿಟ್ಟು ಜಗಳೂರಿಗೆ ಬೈಕಿನಲ್ಲಿ ಕರೆದುಕೊಂಡು ಹೋಗಿ ಬಂದರು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಬರುವಾಗ ಮಾತ್ರ ಮಂಡಕ್ಕಿ ಕೊಡಿಸುತ್ತಿದ್ದರು, ಖಾರ ಹೆಚ್ಚು ಹಾಕಿಸಿ. ಎಲ್ಲ ಮುಗಿಯಿತು.

ಮೇಕೆ ಹೋದ ದೊಡ್ಡಿ ಬಿಕೋ ಅನ್ನುತ್ತದೆ. ಉಳಿದವಕ್ಕೆ ಹುಲ್ಲು ಹಾಕುವಾಗ ನನ್ನ ಕೈ ನೋಡಿಕೊಳ್ಳುತ್ತೇನೆ.

ಸುಧಾ


ಹೊನ್ನಾಳಿ
8 ಫೆಬ್ರವರಿ 2024

ಸುಧಾ,

ಸಂಕ್ರಾಂತಿಗೆ ಬ್ಲೌಸು ಕಳಿಸಿದೆ, ಜೊತೆಗೊಂದು ಕಾಗದ. ಆಮೇಲೆ ಇನ್ನೊಂದು ಬರೆದೆ. ಯಾವುದಕ್ಕೂ ಉತ್ತರವಿಲ್ಲ. ಬ್ಲೌಸು ಬಿಗಿಯಾಯಿತು ಅಂತ ಬೈದಾದರೂ ಎರಡು ಸಾಲು ಬರೆಯಬಾರದೇ?

ಪುಷ್ಪಾವತಕ್ಕನ ಮೊಬೈಲಿನಿಂದ ಮಾರುತೇಶನಿಗೆ ಮೆಸೇಜು ಹಾಕಿಸಿದೆ. "ಆರಾಮ್ ಅದಾಳೆ" ಅಂತ ಬಂತು. ಆರಾಮಿದ್ದವಳಿಗೆ ಪೆನ್ನು ಹಿಡಿಯಲು ಏನು ಕಷ್ಟ? ನಾನು ಇಂಜೆಕ್ಷನ್ ಬೇಡವೆಂದಿದ್ದಕ್ಕೆ ಸಿಟ್ಟೇ? ನಿನ್ನ ಸಂಸಾರದಲ್ಲಿ ತಲೆ ಹಾಕಿದೆ ಅನ್ನಿಸಿರಬೇಕು. ಇರಲಿ. ಮಾಡಿಸಿಕೊಂಡಿದ್ದರೆ ಮಾಡಿಸಿಕೊಂಡೆ ಅನ್ನು, ಬಿಟ್ಟಿದ್ದರೆ ಬಿಟ್ಟೆ ಅನ್ನು. ನೀನು ಕೇಳಿಸಿಕೊಳ್ಳುತ್ತಿದ್ದೀಯ ಅಂದರೆ ಅಷ್ಟೇ ಸಾಕು ನನಗೆ.

ಇದಕ್ಕೂ ಉತ್ತರ ಬರದಿದ್ದರೆ ನಾನೂ ಬರೆಯುವುದಿಲ್ಲ. ನನಗೂ ಸಿಟ್ಟು ಬರುತ್ತದೆ.

ದುರ್ಗಾ


ದಾವಣಗೆರೆ
19 ಫೆಬ್ರವರಿ 2024

ಅಕ್ಕಾರಿಗೆ ಮಾರುತೇಶ್ ಮಾಡೋ ನಮಸ್ಕಾರ.

ನಾನು ಕಾಗ್ದ ಬರ್ದಿದ್ದು ಇಸ್ಕೂಲಲ್ಲೇ ಕೊನೆ. ತಪ್ಪಿದ್ರೆ ತಿದ್ಕೊಂಡು ಓದ್ಕೋರಿ. ಮೆಸೇಜ್ ಹಾಕ್ಬೋದಿತ್ತು. ಇದನ್ನ ಬ್ಯಾರೆಯವ್ರ ಮೊಬೈಲಿಗೆ ಹಾಕಾಕೆ ಮನ್ಸಾಗ್ಲಿಲ್ಲ.

ಸುಧಾನ್ನ ಇಲ್ಲಿ ಆಸ್ಪತ್ರೆಗೆ ಸೇರ್ಸೀವಿ. ಸಂಕ್ರಾಂತಿ ಆದ್ಮ್ಯಾಲೆ ಮತ್ತೆ ಜ್ವರ ಬಂತು, ಬೆನ್ನು ಹಿಡ್ಕಂತು. ಯಾರಿಗೂ ಹೇಳ್ಬ್ಯಾಡ್ರಿ ಅಂದ್ಲು, ಅದಕ್ಕೇ ನಿಮ್ಗೆ ಆರಾಮ್ ಅದಾಳೆ ಅಂತ ಹಾಕ್ದೆ. ಈಗ ಕಾಲು ಎತ್ತಾಕೆ ಬರಲ್ದು. ಸ್ಕ್ಯಾನ್ ಮಾಡಿಸಿದ್ರೆ ಬೆನ್ನು ಮೂಳೆ ಮಧ್ಯೆ ಕೀವು ಕಟ್ಟೈತಿ ಅಂದ್ರು. ಅದೇ ಮೇಕೆ ರೋಗ. ಇಂಜೆಕ್ಷನ್ ಪೂರ್ತಿ ಮಾಡಿಸಿದ್ರಾ ಅಂತ ಕೇಳಿದ್ರು. ಹೂಂ ಸಾರ್, ನಾನೇ ದಿನಾ ಕರ್ಕೊಂಡು ಹೋಗೀನಿ ಅಂದೆ.

ಮೊನ್ನೆ ದೊಡ್ಡಿ ಸೂರು ಬಿಚ್ಚೋವಾಗ ಹುಲ್ಲಿನ ಒಳಗೆ ಶೀಶೆ ಸಿಕ್ಕವು. ಒಳಗೆ ಪುಡಿ ಹಂಗೇ ಐತೆ. ಮ್ಯಾಗಿನ ರಬ್ಬರಿಗೆ ಸೂಜಿ ತೂತೇ ಇಲ್ಲ. ನಾನು ಬೈಕ್ ಹತ್ರ ನಿಂತಿರ್ತಿದ್ದೆ. ಇವ್ಳು ಒಳಗೆ ಹೋಗಿ ಬೆಂಚಿನ ಮ್ಯಾಲೆ ಕುಂತಿದ್ದು, ಹತ್ತಿ ಒತ್ಕೊಂಡು ನೋವು ಅಂತ ಮುಖ ಮಾಡ್ಕೊಂಡು ಬರ್ತಿದ್ಲು. ನಾನು ಪಾಪ ಅಂತ ಮಂಡಕ್ಕಿ ಕೊಡಿಸ್ತಿದ್ದೆ.

ಬೈಯಾಕೆ ಬಾಯಿ ಬರ್ಲಿಲ್ಲ ಅಕ್ಕಾರೆ. ಯಾಕ್ ಹಿಂಗ್ ಮಾಡ್ದೆ ಅಂದ್ರೆ ಗ್ವಾಡೆ ಕಡೆ ತಿರುಗ್ತಾಳೆ. ಈಗ ಮತ್ತೆ ಇಂಜೆಕ್ಷನ್ ಬರ್ದಾರೆ, ಒಲ್ಲೆ ಅಂತ ಕೈ ಕೊಡವಲ್ಲಳು. ಮಾಡಿಸ್ಲಿಲ್ಲ ಅಂದ್ರೆ ಉಳಿಯೋದು ಕಷ್ಟ ಅಂದಾರೆ.

ನಿಮ್ಮ ಕಾಗ್ದ ನಾನು ಯಾವತ್ತೂ ಒಡ್ದು ನೋಡಿಲ್ಲ. ಆದ್ರೆ ನೀವು ಬರ್ದಿದ್ದನ್ನ ಅವ್ಳು ದಿಂಬಿನ ಕೆಳಗೆ ಇಟ್ಕೊಂಡಾಳೆ, ದೇವ್ರ ಹೂವಿನಂಗೆ. ನಿಮ್ಮ ಮಾತು ಒಂದೇ ಕೇಳ್ತಾಳೆ. ಬರ್ರಿ, ಇಲ್ಲ ಬರೀರಿ. ಹೆಂಗಾರ ಮಾಡಿ ಇಂಜೆಕ್ಷನ್ ತಗಳಂಗೆ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.

ಮಾರುತೇಶ್


ಹೊನ್ನಾಳಿ
22 ಫೆಬ್ರವರಿ 2024

ಸುಧಾ,

ನಿನ್ನ ಗಂಡನ ಕಾಗದ ಬಂತು. ನನ್ನ ಮಾತೊಂದನ್ನೇ ನೀನು ಕೇಳುತ್ತೀಯಂತೆ. ಬರಬೇಕು ಅಂತ ಚೀಲ ಕಟ್ಟಿದೆ, ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಆ ಮನುಷ್ಯನ ಮುಖ ನೋಡುವ ಧೈರ್ಯವಾಗದೆ ವಾಪಸು ಬಂದೆ. ಅವನಿಗೆ ಏನೂ ಗೊತ್ತಿಲ್ಲ. ನನ್ನ ಕಾಲಿಗೆ ಬೀಳುತ್ತೇನೆಂದು ಬರೆದಿದ್ದಾನೆ.

ಸೂಜಿ ನನ್ನ ಕಿವಿ ತೆಗೆಯಿತು ಅಂತ ಬರೆದೆ. ಅದು ಅರ್ಧ ಮಾತು. ಉಳಿದರ್ಧ ಈಗ ಬರೆಯುತ್ತೇನೆ. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಚನ್ನಗಿರಿ ಕಡೆಯ ಅಂಜಿನಮ್ಮ ಇದ್ದಳು. ನನ್ನ ವಯಸ್ಸಿನವಳೇ, ನನ್ನದೇ ಖಾಯಿಲೆ. ಕಿವಿಯಲ್ಲಿ ಸದ್ದು ಶುರುವಾದ ದಿನವೇ ಅವಳು ಸೂಜಿ ಒಲ್ಲೆ ಅಂತ ಎದ್ದು ಮನೆಗೆ ಹೋದಳು. ಮತ್ತೆ ಕರೆತಂದಾಗ ಎಲುಬಿನ ಗೂಡಾಗಿದ್ದಳು. ಅವಳ ಕಿವಿ ಚೆನ್ನಾಗಿತ್ತು. ಸಾಯುವ ದಿನ ಹೊರಗೆ ಕಡಲೆಕಾಯಿಯವನು ಕೂಗಿದ್ದು ಅವಳಿಗೆ ಕೇಳಿತಂತೆ, ಬೇಕು ಅಂತ ನನಗೆ ಸನ್ನೆ ಮಾಡಿದಳು. ತರುವಷ್ಟರಲ್ಲಿ ಇರಲಿಲ್ಲ.

ನಾನು ಬದುಕಿದ್ದೇನೆ ಸುಧಾ. ಹೊಲಿಯುತ್ತೇನೆ, ತಿನ್ನುತ್ತೇನೆ, ಸಿನಿಮಾಗೂ ಹೋಗಿ ಬಾಯಿ ಬಿಟ್ಟುಕೊಂಡು ಕೂತು ಬರುತ್ತೇನೆ. ಆ ಸೂಜಿಯಿಂದಲೇ ಇದೆಲ್ಲ. ಕಳೆದುಕೊಂಡದ್ದರ ಲೆಕ್ಕವನ್ನಷ್ಟೇ ಹೇಳಿ ನಿನ್ನನ್ನು ಹೆದರಿಸಿದೆ. ನಿನ್ನ ಸಂಸಾರ ಉಳಿಸುತ್ತೇನೆ ಅಂತ ಹೊರಟು ನಿನ್ನ ಜೀವಕ್ಕೇ ಕೈ ಹಾಕಿದೆ.

ಕೈ ಕೊಡು. ಚುಚ್ಚಿಸಿಕೋ. ಏನೇ ಆದರೂ ಒಂದನ್ನೂ ತಪ್ಪಿಸಬೇಡ, ಅರ್ಧಕ್ಕೆ ನಿಲ್ಲಿಸಲು ಬಿಡಬೇಡ. ನನಗೆ ನೀನು ಬೇಕು, ಹೆಂಗಾದರೂ ಸರಿ.

ದುರ್ಗಾ


ದಾವಣಗೆರೆ, ಆಸ್ಪತ್ರೆ
4 ಮಾರ್ಚ್ 2024

ಅಕ್ಕಾ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರಗಳು ಇರುವೆ ಹರಿದಂತೆ ಹರಿಯುತ್ತಿವೆ. ನಿನ್ನ ಕಾಗದ ಓದಿದ ದಿನವೇ ಕೈ ಕೊಟ್ಟೆ. ಇವರು ಸಿಸ್ಟರನ್ನು ಕರೆಯಲು ಓಡಿದ ರಭಸಕ್ಕೆ ಚಪ್ಪಲಿ ಒಂದು ಇಲ್ಲೇ ಉಳಿಯಿತು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ಬೇಡವೆಂದಿದ್ದು ನನಗೂ ಬೇಕಾಗಿತ್ತು. ಕಿವುಡಿಯಾಗಿ ಈ ಮನೆಯಲ್ಲಿ ಇರಲಾರೆ ಅಂತ ನಾನೂ ಹೆದರಿದ್ದೆ.

ಇಲ್ಲಿಯೂ ಡಾಕ್ಟರು ಅದೇ ಪ್ರಶ್ನೆ ಕೇಳಿದರು, ತಾಯಿ ಕಡೆ ಯಾರಿಗಾದರೂ ಅಂತ. ನಾನು ತಿನ್ನದೆ ಬಿಟ್ಟ ಉಪ್ಪಿಟ್ಟನ್ನು ಹಿಡಿದುಕೊಂಡು ಅತ್ತೆ ಎದುರಿಗೆ ಕೂತಿದ್ದರು. ಹಳೆಯದನ್ನೇ ಹೇಳಿದೆ. ನೀನೂ ಅದು ಸರಿ ಅಂತ ಬರೆದಿದ್ದೆಯಲ್ಲ.

ನಿನಗೊಂದು ಗುಟ್ಟು. ಮೊನ್ನೆಯಿಂದ ಕಿವಿಯಲ್ಲಿ ಜೀರುಂಡೆ. ನೀನು ಹೇಳಿದ್ದೇ ಸದ್ದು, ಸಂಜೆಯ ಹೊಲದ ಹಾಗೆ. ತಲೆಯೂ ತಿರುಗುತ್ತದೆ. ದಿನಾ ಬೆಳಿಗ್ಗೆ ಸಿಸ್ಟರು "ಕಿವಿಯಲ್ಲಿ ಗುಂಯ್ ಅಂತ ಸದ್ದೇನಾದರೂ ಬರುತ್ತಿದೆಯಾ?" ಅಂತ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಹೂಂ ಅಂದರೆ ಇಂಜೆಕ್ಷನ್ ನಿಲ್ಲಿಸಿಬಿಡುತ್ತಾರೆ ಅಂತ ಪಕ್ಕದ ಮಂಚದವಳು ಹೇಳಿದಳು. ನಾನು ಅಂಜಿನಮ್ಮ ಆಗುವುದಿಲ್ಲ ಅಕ್ಕಾ. ಅರ್ಧಕ್ಕೆ ನಿಲ್ಲಿಸಲು ಬಿಡುವುದಿಲ್ಲ.

ಜ್ವರ ಇಳಿದಿದೆ. ನಿನ್ನೆ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಇವರು ಅದನ್ನೇ ನೋಡುತ್ತಾ ಕೂತಿದ್ದರು.

ಸುಧಾ


ದಾವಣಗೆರೆ ಬಸ್ಸಿನಲ್ಲಿ
8 ಮಾರ್ಚ್ 2024

ಸುಧಾ,

ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತಿದ್ದೇನೆ. ಬಸ್ಸು ಕುಲುಕುತ್ತಿದೆ. ನಿನ್ನ ಕಾಗದ ಬೆಳಿಗ್ಗೆ ಬಂತು. ಪುಷ್ಪಾವತಕ್ಕ ಮಾರುತೇಶನಿಗೆ ಮೇಲಿಂದ ಮೇಲೆ ಕರೆ ಮಾಡಿದಳು, ಮೊಬೈಲು ಬಂದ್ ಆಗಿದೆ ಅಂದಳು. ಮೆಸೇಜಿಗೆ ಒಂದೇ ಗೀಟು ಬಿದ್ದಿದೆ, ತಲುಪಿಲ್ಲ.

ನನಗೆ ಆ ಸದ್ದು ಬರಲು ತಿಂಗಳುಗಳು ಹಿಡಿದವು. ನಿನಗೆ ವಾರದೊಳಗೇ ಬಂದಿದೆ. ಇಬ್ಬರು ಡಾಕ್ಟರುಗಳು ತಾಯಿ ಕಡೆ, ತಾಯಿ ಕಡೆ ಅಂತ ಯಾಕೆ ಕೇಳಿದರು ಅಂತ ಈಗ ಹೊಳೆಯುತ್ತಿದೆ. ಅವರು ಸುಮ್ಮನೆ ಕೇಳಲಿಲ್ಲ. ನಾವು ಸುಮ್ಮನೆ ಇಲ್ಲ ಅಂದೆವು.

ಹೇಳಬೇಕು. ನಾನು ಬರುವುದರೊಳಗೆ ಇನ್ನೊಂದು ಸೂಜಿ ಬೀಳದಿರಲಿ. ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ, ನಿನ್ನತ್ತೆಯ ಎದುರಿಗೇ, ಬರೆದಲ್ಲ, ಬಾಯಿಬಿಟ್ಟು. ನಗುವವರು ನಗಲಿ. ನನಗೆ ಟಿಬಿ ಆಗಿತ್ತು, ಇಂಜೆಕ್ಷನ್ನಿಂದ ಕಿವಿ ಹೋಯಿತು, ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಇಷ್ಟೇ ಮಾತು. ಬಸ್ಸು ಹತ್ತಿದಾಗಿನಿಂದ ತುಟಿಯೊಳಗೇ ಅಭ್ಯಾಸ ಮಾಡುತ್ತಿದ್ದೇನೆ.

ಹಳದಿ ಅಂಗಿಯನ್ನೂ ತಂದಿದ್ದೇನೆ. ಯಾಕೆಂದು ಗೊತ್ತಿಲ್ಲ.


ದಾವಣಗೆರೆ, ಆಸ್ಪತ್ರೆ
10 ಮಾರ್ಚ್ 2024

ಅಕ್ಕಾ,

ನೀನು ತಂದ ಕಾಗದದ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ. ನೀನು ನನ್ನ ಮಂಚದ ಕಾಲಿಗೆ ಒರಗಿ ನಿದ್ದೆ ಮಾಡುತ್ತಿದ್ದೀಯ. ಎದ್ದ ಮೇಲೆ ಓದು.

ನೀನು ಬರುವ ಹಿಂದಿನ ದಿನವೇ ಜೀರುಂಡೆ ನಿಂತಿತು. ಅದರ ಜೊತೆ ಎಲ್ಲವೂ ನಿಂತಿತು. ಸಿಸ್ಟರು ಬಂದು ತುಟಿ ಅಲ್ಲಾಡಿಸಿದರು. ದಿನಾ ಕೇಳುವ ಪ್ರಶ್ನೆಯೇ ಇರಬೇಕು ಅಂದುಕೊಂಡು ಇಲ್ಲ ಅಂತ ತಲೆಯಾಡಿಸಿದೆ, ಅವರು ಚುಚ್ಚಿ ಹೋದರು. ನೀನು ಬಂದ ದಿನ ಬೆಳಿಗ್ಗೆಯೂ ಹಾಗೇ ಆಯಿತು.

ಡಾಕ್ಟರು ನಿನ್ನೆ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದರು. ಕೆಲವರಿಗೆ ತಾಯಿಯ ಕಡೆಯಿಂದ ಬಂದ ರಕ್ತದ ಗುಣ ಇರುತ್ತದಂತೆ. ಅಂಥವರಿಗೆ ಈ ಜಾತಿಯ ಔಷಧ ಸ್ವಲ್ಪ ಕೊಟ್ಟರೂ ನೇರ ಕಿವಿಗೆ ಹೋಗುತ್ತದಂತೆ. ನಮ್ಮಿಬ್ಬರಲ್ಲೂ ಅದೇ ಇರಬೇಕಂತೆ. ಕಿವಿಗೆ ಹೋಗದ ಬೇರೆ ಔಷಧಗಳೂ ಇದ್ದವು, ಒಂದು ಮಾತು ಹೇಳಿದ್ದರೆ ಮೊದಲ ದಿನವೇ ಅವನ್ನು ಕೊಡುತ್ತಿದ್ದೆವು ಅಂತ ಬರೆದರು. ಇಂಜೆಕ್ಷನ್ ನಿಲ್ಲಿಸಿ ಈಗ ಅವನ್ನೇ ಶುರು ಮಾಡಿದ್ದಾರೆ. ಕಾಲು ಬರಬಹುದಂತೆ. ಕಿವಿಯ ವಿಷಯಕ್ಕೆ ಏನೂ ಬರೆಯಲಿಲ್ಲ, ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು.

ಅತ್ತೆಗೆ ಎಲ್ಲ ಗೊತ್ತಾಗಿದೆ. ನಿನ್ನ ಟಿಬಿಯದೂ. ತಟ್ಟೆ ಬೇರೆ ಮಾಡಲಿಲ್ಲ. ನೀನು ಉಂಡ ತಟ್ಟೆಯನ್ನು ತಾವೇ ತೊಳೆದರು, ನಾನು ನೋಡಿದೆ. ಅವರಿಗೂ ಸಂಜೆ ಹೊತ್ತು ಮೈ ಬಿಸಿಯಾಗುತ್ತಿದೆ, ರಕ್ತ ಕೊಟ್ಟಿದ್ದಾರೆ.

ಇವರು ಸ್ಲೇಟು ತಂದಿದ್ದಾರೆ, ಮಕ್ಕಳದು, ಅಂಚಿಗೆ ಬಣ್ಣದ ಮಣಿ ಇರುವುದು. ಆರು ವರ್ಷದಲ್ಲಿ ಆಡದ ಮಾತನ್ನೆಲ್ಲ ಅದರ ಮೇಲೆ ಬರೆಯುತ್ತಿದ್ದಾರೆ. ಮೊದಲು ಬರೆದದ್ದು ಇದು: "ಅಕ್ಕಾರಿಗೆ ಟಿಬಿ ಇತ್ತು ಅಂದ್ರೆ ನಾನು ನಿನ್ನ ಬಿಟ್ಟುಬಿಡ್ತಿದ್ನಾ? ಹಂಗ್ ಅನ್ಕಂಡಿದ್ಯಾ ನನ್ನ?" ಒರೆಸಲು ಬಿಡದೆ ಎಷ್ಟೋ ಹೊತ್ತು ಹಿಡಿದುಕೊಂಡಿದ್ದೆ. ನಾವಿಬ್ಬರೂ ಸೇರಿ ಯಾವ ಮನೆಗೆ, ಯಾವ ಮನುಷ್ಯನಿಗೆ ಹೆದರಿದೆವು ಅಕ್ಕಾ? ಅವನು ಇಲ್ಲಿ ಇರಲೇ ಇಲ್ಲ.

ಸಿಸ್ಟರು ಇನ್ನೊಂದು ವಿಷಯ ಬರೆದು ತೋರಿಸಿದರು. ನೀನು ಬಂದಾಗ ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಅಷ್ಟು ಮಂಚಗಳ ನಡುವೆ ನಾನೆಲ್ಲಿದ್ದೇನೆಂದು ಗೊತ್ತಾಗದೆ ನೀನು ವಾರ್ಡಿನ ಬಾಗಿಲಲ್ಲಿ ನಿಂತು "ಸುಧೀ" ಅಂತ ಕೂಗಿದೆಯಂತೆ. ಹಟ್ಟಿಯಲ್ಲಿ ಕೂಗುತ್ತಿದ್ದ ಹಾಗೆ, ಗಂಟಲು ಹರಿಯುವಂತೆ, ಮತ್ತೆ ಮತ್ತೆ. ಇಡೀ ವಾರ್ಡು ಎದ್ದು ಕೂತಿತಂತೆ. ಯಾರೂ ನಗಲಿಲ್ಲವಂತೆ.

ನಾನೊಬ್ಬಳೇ ತಿರುಗಿ ನೋಡಲಿಲ್ಲವಂತೆ.

ಸುಧಾ